ರಾತ್ರಿ ನೆನೆಸಿದ ಓಟ್ಸ್: ಕಾರವಾರದ ಅಡುಗೆಮನೆಯಲ್ಲಿ ಹದ ಕಂಡುಕೊಂಡ ಬಗೆ

ಬೆಳಗ್ಗೆ ಏಳು ಗಂಟೆಯೊಳಗೆ ಮನೆ ಬಿಟ್ಟು ಬಸ್ಸು ಹಿಡಿಯಬೇಕಾದವರು ಇರುವ ಮನೆಯಲ್ಲಿ ಒಲೆ ಹಚ್ಚದೆ ಸಿದ್ಧವಾಗುವ, ಮಧ್ಯಾಹ್ನದ ಊಟದವರೆಗೆ ಹೊಟ್ಟೆಗೆ ಆಧಾರವಾಗುವ ತಿಂಡಿಯೊಂದು ಬೇಕಾಗುತ್ತದೆ. ಹಿಟ್ಟು ರುಬ್ಬಿಟ್ಟಿದ್ದರೂ ದೋಸೆ ಹೊಯ್ಯಲು ಕಾವಲಿಯ ಮುಂದೆ ಒಬ್ಬರು ನಿಲ್ಲಲೇಬೇಕು, ಉಪ್ಪಿಟ್ಟಿಗೆ ಒಗ್ಗರಣೆಯಾಗಬೇಕು. ರಾತ್ರಿ ಊಟದ ಪಾತ್ರೆ ತೊಳೆದಿಟ್ಟ ಮೇಲೆ ಐದು ನಿಮಿಷದಲ್ಲಿ ಕಲಸಿ ಫ್ರಿಜ್‌ನಲ್ಲಿಟ್ಟರೆ ಬೆಳಗ್ಗೆ ಚಮಚ ಹಾಕಿ ತಿನ್ನಬಹುದಾದ ಓಟ್ಸ್ ಈ ಅಗತ್ಯಕ್ಕೆ ಚೆನ್ನಾಗಿ ಒದಗುತ್ತದೆ. ಆದರೆ ಅದರ ಪ್ರಚಲಿತ ಪಾಕವಿಧಾನಗಳು ಚಳಿದೇಶದ ಅಡುಗೆಮನೆಗಳಲ್ಲಿ, ಅಲ್ಲಿನ ಹಣ್ಣುಹಂಪಲುಗಳನ್ನು ಇಟ್ಟುಕೊಂಡು ರೂಪುಗೊಂಡವು. ಕರಾವಳಿಯ ಸೆಕೆ, ಮಳೆಗಾಲದ ತೇವ, ಆಗಾಗ ಹೋಗುವ ಕರೆಂಟು, ಘಟ್ಟದ ಮೇಲಿಂದ ಬರುವ ಜೋನಿಬೆಲ್ಲ ಮತ್ತು ಬಾಳೆಹಣ್ಣು ಇವುಗಳಿಗೆ ಆ ತಿಂಡಿಯನ್ನು ಹೊಂದಿಸಿಕೊಂಡ ಕೆಲಸವನ್ನು ಇಲ್ಲಿ ದಾಖಲಿಸುತ್ತಿದ್ದೇನೆ. ಈ ಕೆಲಸದಲ್ಲಿ ನನಗೆ ಮನದಟ್ಟಾದ ಸಂಗತಿಯೆಂದರೆ, ಓಟ್ಸ್‌ಗೆ ಎಷ್ಟು ಹಾಲು ಎಂಬ ಅಳತೆಗಿಂತಲೂ, ಯಾವುದನ್ನು ರಾತ್ರಿಯೇ ಸೇರಿಸಬೇಕು, ಯಾವುದನ್ನು ಬೆಳಗಿನವರೆಗೆ ತಡೆದಿಡಬೇಕು ಎಂಬ ವಿಂಗಡಣೆಯೇ ಈ ತಿಂಡಿಯ ಹಣೆಬರಹವನ್ನು ನಿರ್ಧರಿಸುತ್ತದೆ.

ಯಾವ ಓಟ್ಸ್

ಅಂಗಡಿಯಲ್ಲಿ ಮೂರು ಬಗೆಯ ಓಟ್ಸ್ ಸಿಗುತ್ತವೆ. ಇಡೀ ಕಾಳನ್ನು ಎರಡು ಮೂರು ತುಂಡು ಮಾಡಿದ ಸ್ಟೀಲ್ ಕಟ್ ಓಟ್ಸ್ ರಾತ್ರಿಯಿಡೀ ನೆನೆದರೂ ನುಚ್ಚಿನಂತೆ ಗಟ್ಟಿಯಾಗಿಯೇ ಉಳಿಯುತ್ತದೆ, ಅದಕ್ಕೆ ಒಲೆಯೇ ಬೇಕು. ತೀರಾ ತೆಳುವಾಗಿ, ಸಣ್ಣದಾಗಿ ಮಾಡಿದ ಇನ್‌ಸ್ಟಂಟ್ ಓಟ್ಸ್ ಕೆಲವೇ ನಿಮಿಷಗಳಲ್ಲಿ ಮೆತ್ತಗಾಗಿ, ಬೆಳಗಾಗುವಷ್ಟರಲ್ಲಿ ಅಂಬಲಿಯ ಹದಕ್ಕೆ ಬಂದಿರುತ್ತದೆ. ಇವೆರಡರ ನಡುವಿನ ರೋಲ್ಡ್ ಓಟ್ಸ್, ಅಂದರೆ ಇಡೀ ಕಾಳನ್ನು ಹಬೆಯಲ್ಲಿಟ್ಟು ಉರುಳೆಗಳ ನಡುವೆ ಒತ್ತಿ ಚಪ್ಪಟೆ ಮಾಡಿದ್ದು, ಈ ಕೆಲಸಕ್ಕೆ ಸರಿಯಾದದ್ದು. ಹಾಳೆ ಹಾಳೆಯಾಗಿ ಬಿಡಿಬಿಡಿ ಕಾಣುವ, ಬೆರಳ ನಡುವೆ ತಿಕ್ಕಿದರೆ ಹಿಟ್ಟಾಗದ ಓಟ್ಸ್ ಎಂದು ನೋಡಿ ಕೊಂಡರೆ ಸಾಕು.

ಮನೆಯಲ್ಲಿ ಅತ್ತೆಯವರು ಮೊದಲ ದಿನವೇ ಕೇಳಿದ ಪ್ರಶ್ನೆ ಇದು: “ಬೇಯಿಸದೇ ಇದ್ದದ್ದು ಹೊಟ್ಟೆಗೆ ಆಗ್ತದೆಯೇನೇ?” ಪ್ರಶ್ನೆ ನ್ಯಾಯವಾದದ್ದೇ. “ಅವಲಕ್ಕಿಯನ್ನೂ ನಾವು ಬೇಯಿಸೋದಿಲ್ಲವಲ್ಲ ಅತ್ತೆ” ಎಂದೆ. ಭತ್ತವನ್ನು ನೆನೆಸಿ, ಹುರಿದು, ಕುಟ್ಟುವಾಗಲೇ ಅವಲಕ್ಕಿಗೆ ಬೇಕಾದ ಶಾಖ ಸಿಕ್ಕಿರುತ್ತದೆ. ಹಾಗೆಯೇ ರೋಲ್ಡ್ ಓಟ್ಸ್‌ಗೂ ಕಾರ್ಖಾನೆಯಲ್ಲಿಯೇ ಹಬೆಯ ಶಾಖ ಕೊಟ್ಟಿರುತ್ತಾರೆ. ಹಾಗೆ ಕೊಡುವುದಕ್ಕೆ ಒಂದು ಕಾರಣವೂ ಇದೆ. ಓಟ್ಸ್‌ನಲ್ಲಿ ಅಕ್ಕಿ, ಗೋಧಿಗಳಿಗಿಂತ ಕೊಬ್ಬಿನಂಶ ಹೆಚ್ಚು, ಆ ಕೊಬ್ಬನ್ನು ಒಡೆಯುವ ಲೈಪೇಸ್ ಎಂಬ ಕಿಣ್ವವೂ ಕಾಳಿನಲ್ಲಿಯೇ ಇರುತ್ತದೆ. ಹಬೆಯಲ್ಲಿ ಆ ಕಿಣ್ವವನ್ನು ಸುಮ್ಮನಾಗಿಸದಿದ್ದರೆ ಓಟ್ಸ್ ಬೇಗ ಕಹಿಯಾಗಿ, ಕಮಟು ವಾಸನೆ ಹಿಡಿಯುತ್ತದೆ.

ತಣ್ಣಗಿನ ಹಾಲಿನಲ್ಲಿ ನೆನೆಯುವಾಗ ನಡೆಯುವುದು ಬೇಯುವಿಕೆಯಲ್ಲ. ಒಲೆಯ ಮೇಲೆ ಪಿಷ್ಟ ಉಬ್ಬಿ ಗಂಜಿಯಾಗುತ್ತದೆ, ಫ್ರಿಜ್‌ನಲ್ಲಿ ಅದಕ್ಕೆ ಬೇಕಾದ ಶಾಖವಿಲ್ಲ. ಹಾಳೆಗಳು ದ್ರವವನ್ನು ಹೀರಿ ಮೆತ್ತಗಾಗುತ್ತವೆ, ಜೊತೆಗೆ ಬೀಟಾ ಗ್ಲುಕಾನ್ ಎಂಬ ಕರಗುವ ನಾರು ನಿಧಾನವಾಗಿ ಬಿಟ್ಟುಕೊಂಡು ಹಾಲನ್ನು ಸ್ವಲ್ಪ ಲೋಳೆಯಾಗಿ ದಪ್ಪ ಮಾಡುತ್ತದೆ. ಹೃದಯದ ಆರೋಗ್ಯದ ಮಾತು ಬಂದಾಗ ಓಟ್ಸ್‌ನ ಹೆಸರು ಕೇಳಿಬರುವುದು ಈ ನಾರಿನಿಂದಲೇ. ದಿನಕ್ಕೆ 3 ಗ್ರಾಂ ಬೀಟಾ ಗ್ಲುಕಾನ್ ಎಂಬ ಪ್ರಮಾಣವನ್ನು ಆಧಾರವಾಗಿಟ್ಟುಕೊಂಡು ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 1997ರಲ್ಲಿ ಓಟ್ಸ್ ಪೊಟ್ಟಣಗಳ ಮೇಲೆ ಆ ಕುರಿತು ಬರೆದುಕೊಳ್ಳಲು ಅನುಮತಿ ಕೊಟ್ಟಿತು. ಒಬ್ಬರ ತಿಂಡಿಗೆ ನಾನು ಹಾಕುವ 40 ಗ್ರಾಂ ಓಟ್ಸ್‌ನಿಂದ ಅದರ ಅರ್ಧಕ್ಕಿಂತ ತುಸು ಹೆಚ್ಚು ದೊರೆಯುತ್ತದೆ, ಸುಮಾರು 5 ಗ್ರಾಂ ಪ್ರೋಟೀನೂ ಇರುತ್ತದೆ.

ಓಟ್ಸ್ ನೆನೆಸಿ ತಿನ್ನುವ ಪದ್ಧತಿ ಹೊಸದಲ್ಲ. ಸ್ವಿಟ್ಜರ್ಲೆಂಡಿನ ವೈದ್ಯ ಮ್ಯಾಕ್ಸಿಮಿಲಿಯನ್ ಬಿರ್ಖರ್ ಬೆನ್ನರ್ 1900ರ ಆಸುಪಾಸಿನಲ್ಲಿ ಜ್ಯೂರಿಕ್‌ನ ತನ್ನ ಆರೋಗ್ಯಧಾಮದಲ್ಲಿ ರೋಗಿಗಳಿಗೆ ಕೊಡುತ್ತಿದ್ದ ಮ್ಯೂಸ್ಲಿಯಲ್ಲಿ ಓಟ್ಸ್ ಒಂದೇ ಒಂದು ದೊಡ್ಡ ಚಮಚದಷ್ಟು ಇರುತ್ತಿತ್ತು, ಅದನ್ನು ರಾತ್ರಿ ನೀರಿನಲ್ಲಿ ನೆನೆಹಾಕುತ್ತಿದ್ದರು. ಅದರ ಮುಖ್ಯ ಪದಾರ್ಥ ಸೇಬು, ಅದನ್ನು ತಿನ್ನುವ ಹೊತ್ತಿಗೆ ತುರಿದು ಬೆರೆಸುತ್ತಿದ್ದರು. ರಾತ್ರಿಯದು ರಾತ್ರಿಗೆ, ಬೆಳಗಿನದು ಬೆಳಗಿಗೆ ಎಂಬ ವಿಂಗಡಣೆ ಆಗಲೇ ಇತ್ತು.

ಅಳತೆ ಮತ್ತು ಕಲಸುವ ಕ್ರಮ

ಒಬ್ಬರಿಗೆ 40 ಗ್ರಾಂ ಓಟ್ಸ್, ಅಂದರೆ 240 ಮಿ.ಲೀ. ಕಪ್ಪಿನಲ್ಲಿ ಸುಮಾರು ಅರ್ಧ. ಅದಕ್ಕೆ 120 ಮಿ.ಲೀ. ಕಾಯಿಸಿ ಪೂರ್ತಿ ಆರಿಸಿದ ಹಾಲು, 60 ಗ್ರಾಂ ಮೊಸರು, ಒಂದು ಚಿಟಿಕೆ ಉಪ್ಪು, ಒಂದು ಸಣ್ಣ ಚಮಚ ಕಾಮಕಸ್ತೂರಿ ಬೀಜ. ಈ ಪ್ರಮಾಣಕ್ಕೆ ಬರುವ ಮೊದಲು ಬೇರೆ ಬೇರೆ ಡಬ್ಬಿಗಳಲ್ಲಿ ಬರೀ ನೀರು, ಬರೀ ಹಾಲು, ಬರೀ ಮೊಸರು ಹಾಕಿಟ್ಟು ಹೋಲಿಸಿ ನೋಡಿದೆ. ನೀರಿನದು ಮೆತ್ತಗಾಗಿತ್ತಾದರೂ ಬಾಯಿಗೆ ಸಪ್ಪೆ, ತಿಂದ ಒಂದೂವರೆ ಗಂಟೆಗೆ ಹಸಿವು. ಹಾಲಿನದು ರುಚಿಯಾಗಿದ್ದರೂ ತೆಳ್ಳಗೆ ನಿಂತಿತ್ತು. ಮೊಸರಿನದು ಚಮಚ ನೆಟ್ಟರೆ ಬೀಳದಷ್ಟು ಗಟ್ಟಿ, ಹುಳಿಯೂ ಮುಂದು. ಎರಡು ಪಾಲು ಹಾಲಿಗೆ ಒಂದು ಪಾಲು ಮೊಸರು ಎಂದಾಗ ಹದವೂ ರುಚಿಯೂ ಒಟ್ಟಿಗೆ ಕೂಡಿಬಂದವು.

ಮೊಸರಿನ ವಿಷಯದಲ್ಲಿ ಕರಾವಳಿಯವರು ವಿಶೇಷ ಗಮನ ಕೊಡಬೇಕು. ಇಲ್ಲಿನ ಸೆಕೆಯಲ್ಲಿ ಹೆಪ್ಪು ಹಾಕಿದ ಹಾಲು ಐದಾರು ಗಂಟೆಯಲ್ಲಿ ಮೊಸರಾಗುತ್ತದೆ, ಸಂಜೆಯವರೆಗೆ ಹೊರಗೇ ಬಿಟ್ಟರೆ ಹುಳಿ ಏರುತ್ತದೆ. ಬೆಳಗ್ಗೆ ಹೆಪ್ಪು ಹಾಕಿ, ಮಧ್ಯಾಹ್ನ ಮೊಸರು ಕೂತ ಕೂಡಲೇ ಫ್ರಿಜ್‌ಗೆ ಸೇರಿಸಿದರೆ ರಾತ್ರಿ ಕಲಸುವಾಗ ಅದು ಸಿಹಿಮೊಸರಾಗಿಯೇ ಇರುತ್ತದೆ. ಹುಳಿ ಮೊಸರಿಗೆ ಎಷ್ಟು ಬೆಲ್ಲ ಸುರಿದರೂ ಆ ಹುಳಿ ಮರೆಯಾಗುವುದಿಲ್ಲ, ತಿಂಡಿ ಮಾತ್ರ ಅತಿ ಸಿಹಿಯಾಗುತ್ತದೆ.

ಕಾಮಕಸ್ತೂರಿ ಬೀಜ ಬೇಕೇ ಬೇಕೆಂದಿಲ್ಲ. ಚಿಯಾ ಬೀಜವೂ ಆಗುತ್ತದೆ. ಎರಡೂ ದ್ರವ ಹೀರಿ ಸುತ್ತ ಲೋಳೆಯ ಪದರ ಕಟ್ಟಿಕೊಳ್ಳುತ್ತವೆ. ಕಾಮಕಸ್ತೂರಿ ಕೆಲವೇ ನಿಮಿಷಗಳಲ್ಲಿ ಉಬ್ಬುತ್ತದೆ, ಚಿಯಾಕ್ಕೆ ಹೆಚ್ಚು ಹೊತ್ತು ಬೇಕು. ನಮ್ಮ ಕಡೆ ತಂಪಿಗೆಂದು ಶರಬತ್ತಿಗೆ ಹಾಕುವ ಬೀಜವೇ ಆದ್ದರಿಂದ ನಾನು ಕಾಮಕಸ್ತೂರಿಯಲ್ಲಿಯೇ ನಿಂತಿದ್ದೇನೆ.

ಕಲಸುವುದರಲ್ಲಿ ಒಂದು ಸೂಕ್ಷ್ಮವಿದೆ. ಎಲ್ಲವನ್ನೂ ಡಬ್ಬಿಗೆ ಹಾಕಿ ಒಮ್ಮೆ ಕದಡಿ ಮುಚ್ಚಿದರೆ, ಹತ್ತು ನಿಮಿಷದಲ್ಲಿ ಓಟ್ಸ್ ಮೇಲಕ್ಕೆ ತೇಲಿ ಅದರ ಮೇಲ್ಪದರ ಒಣಗಿಯೇ ಉಳಿದಿರುತ್ತದೆ, ಕೆಳಗೆ ಬೀಜಗಳು ಒಂದಕ್ಕೊಂದು ಅಂಟಿ ಕಪ್ಪು ಗಂಟಾಗಿ ತಳ ಹಿಡಿದಿರುತ್ತವೆ. ಗಾಜಿನ ಬಾಟಲಿಯಲ್ಲಿ ಮಾಡಿದರೆ ಇದು ಹೊರಗಿನಿಂದಲೇ ಕಾಣುತ್ತದೆ: ಮೇಲೆ ಒಣ ಓಟ್ಸ್, ನಡುವೆ ಬಿಳಿ ಹಾಲು, ತಳದಲ್ಲಿ ಕರಿಯ ಗೆರೆ. ಆದ್ದರಿಂದ ಮೊದಲು ಬೀಜ ಮತ್ತು ಓಟ್ಸ್ ಎರಡನ್ನೂ ಒಣಗಿರುವಾಗಲೇ ಬೆರೆಸಬೇಕು. ಮೊಸರನ್ನು ಹಾಲಿನಲ್ಲಿ ಗಂಟಿಲ್ಲದಂತೆ ಕಡೆದು ಆಮೇಲೆ ಹೊಯ್ಯಬೇಕು. ಹತ್ತು ಹದಿನೈದು ನಿಮಿಷ ಬಿಟ್ಟು, ಚಮಚದ ಹಿಡಿಕೆಯನ್ನು ತಳದವರೆಗೆ ಇಳಿಸಿ ಅಂಚಿನ ಸುತ್ತ ಇನ್ನೊಮ್ಮೆ ತಿರುವಬೇಕು. ಈ ಎರಡನೆಯ ಕಲಸುವಿಕೆಯಾದ ಮೇಲೆಯೇ ಮುಚ್ಚಳ. ಫ್ರಿಜ್‌ನಲ್ಲಿ ಆರರಿಂದ ಎಂಟು ಗಂಟೆ ಇದ್ದರೆ ಪೂರ್ಣ ಹದ ಬರುತ್ತದೆ. ಬೆಳಗ್ಗೆ ಮುಚ್ಚಳ ತೆಗೆದಾಗ ಅಂಚಿನಲ್ಲಿ ತುಸು ನೀರು ಬಿಟ್ಟಿರುವುದು ಕಂಡರೆ ಅದು ಮೊಸರಿನ ನೀರು, ಕಲಸಿದರೆ ಸೇರಿಕೊಳ್ಳುತ್ತದೆ. ಗಟ್ಟಿಯೆನಿಸಿದರೆ ಒಂದೆರಡು ಚಮಚ ಹಾಲು ಹಾಕಬಹುದು.

ಡಬ್ಬಿ ಸುಮಾರು 350 ಮಿ.ಲೀ. ಹಿಡಿಯುವಂಥದ್ದಿರಲಿ, ಮೇಲೆ ಎರಡು ಬೆರಳಷ್ಟು ಜಾಗ ಉಳಿಯಬೇಕು. ಉಪ್ಪಿನಕಾಯಿಯ ಖಾಲಿ ಬಾಟಲಿಯನ್ನು ಎಷ್ಟು ತೊಳೆದರೂ ಮುಚ್ಚಳದೊಳಗಿನ ಪದರದಲ್ಲಿ ಇಂಗು, ಮೆಣಸಿನ ವಾಸನೆ ಕೂತಿರುತ್ತದೆ, ಹಾಲಿನ ಪದಾರ್ಥ ಅದನ್ನು ಬೇಗ ಹೀರುತ್ತದೆ. ಹೊಸ ಮುಚ್ಚಳ ಸಿಗದಿದ್ದರೆ ಸ್ಟೀಲಿನ ಡಬ್ಬಿಯೇ ವಾಸಿ.

ರಾತ್ರಿಗೆ ಯಾವುದು, ಬೆಳಗ್ಗೆಗೆ ಯಾವುದು

ಸಿಹಿಯಿಂದ ಆರಂಭಿಸುತ್ತೇನೆ. ಅಚ್ಚುಬೆಲ್ಲವನ್ನು ಎಷ್ಟೇ ನುಣ್ಣಗೆ ಹೆರೆದರೂ ತಣ್ಣನೆಯ ಹಾಲಿನಲ್ಲಿ ಅದು ಪೂರ್ತಿ ಕರಗದೆ ಅಲ್ಲಲ್ಲಿ ಹರಳಾಗಿ ಉಳಿಯುತ್ತದೆ, ಅದರಲ್ಲಿ ಕಸ, ಮರಳು ಇದ್ದರೆ ಸೋಸುವುದಕ್ಕೂ ದಾರಿಯಿಲ್ಲ. ಶಿರಸಿ, ಸಿದ್ದಾಪುರದ ಕಡೆ ಆಲೆಮನೆಗಳಲ್ಲಿ ಕಬ್ಬಿನ ಹಾಲನ್ನು ಗಟ್ಟಿ ಅಚ್ಚಿಗೆ ಬರುವ ಮೊದಲೇ ಇಳಿಸಿ ಮಾಡುವ ಜೋನಿಬೆಲ್ಲ ಈ ತಿಂಡಿಗೆಂದೇ ಹುಟ್ಟಿದಂತಿದೆ. ಜೇನಿನ ಹದದ ದ್ರವವಾದ್ದರಿಂದ ಕೈಯಾಡಿಸಿದ ಕೂಡಲೇ ಬೆರೆಯುತ್ತದೆ, ತನ್ನ ಬಣ್ಣವನ್ನೂ ಕಬ್ಬಿನ ಘಮವನ್ನೂ ಓಟ್ಸ್‌ಗೆ ಕೊಡುತ್ತದೆ. ಬಿಸಿ ಹಾಲಿಗೆ ಬೆಲ್ಲ ಹಾಕಿದರೆ ಒಡೆಯುವ ಭಯವಿರುತ್ತದೆ, ತಣ್ಣಗಿನದರಲ್ಲಿ, ಅದೂ ಮೊಸರು ಬೆರೆತದ್ದರಲ್ಲಿ ಆ ಚಿಂತೆಯಿಲ್ಲ. ಎರಡು ಸಣ್ಣ ಚಮಚ ಜೋನಿಬೆಲ್ಲ ರಾತ್ರಿಯೇ ಹಾಕಿದರೆ ಓಟ್ಸ್ ಒಳಗಿನವರೆಗೆ ಸಿಹಿ ಹಿಡಿಯುತ್ತದೆ. ಒಣಗಿದ ಚಮಚವನ್ನೇ ಡಬ್ಬಿಗೆ ಹಾಕಬೇಕು, ನೀರು ತಾಗಿದ ಜೋನಿಬೆಲ್ಲ ಮಳೆಗಾಲದಲ್ಲಿ ಹುಳಿ ವಾಸನೆಗೆ ತಿರುಗುತ್ತದೆ. ಏಲಕ್ಕಿ ಪುಡಿಯೂ ರಾತ್ರಿಗೇ ಸೇರಿದ್ದು. ಜೇನುತುಪ್ಪ ಮಾತ್ರ ಬೆಳಗ್ಗೆ ಮೇಲಿಂದ. ಅದರ ಸುವಾಸನೆಯೇ ಅದರ ಬೆಲೆ, ಅದನ್ನು ರಾತ್ರಿಯಿಡೀ ಮೊಸರಿನಲ್ಲಿ ಮುಳುಗಿಸುವುದು ನನಗೆ ಸರಿಕಾಣುವುದಿಲ್ಲ. ಒಂದು ವರ್ಷದೊಳಗಿನ ಮಗುವಿಗೆ ಜೇನು ಕೊಡಬಾರದೆಂಬುದು ನೆನಪಿರಲಿ.

ಸುಕೇಳಿ ಇದ್ದರೆ ಬೆಲ್ಲವೇ ಬೇಡವೆನಿಸುತ್ತದೆ. ಹಣ್ಣಾದ ಬಾಳೆಯನ್ನು ಒಣಗಿಸಿ ಮಾಡುವ ಈ ಸುಕೇಳಿಯನ್ನು ಕತ್ತರಿಯಲ್ಲಿ ಸಣ್ಣ ಬಿಲ್ಲೆಗಳಾಗಿ ಕತ್ತರಿಸಿ ರಾತ್ರಿಯೇ ಹಾಕಬೇಕು. ಬೆಳಗಾಗುವಷ್ಟರಲ್ಲಿ ಒಂದೊಂದು ಬಿಲ್ಲೆಯೂ ಹಾಲು ಕುಡಿದು ಉಬ್ಬಿ, ಅಂಚು ಜೇನುಬಣ್ಣಕ್ಕೆ ತಿರುಗಿ, ಹಲ್ಲಿಗೆ ಮೆತ್ತಗೆ ಸಿಗುತ್ತದೆ, ಅದರ ಸಿಹಿ ಸುತ್ತಲಿನ ಹಾಲಿಗೂ ಇಳಿದಿರುತ್ತದೆ. ಒಣದ್ರಾಕ್ಷಿಗೂ ಇದೇ ಕ್ರಮ. ಹಸಿ ಬಾಳೆಹಣ್ಣಿನದು ಇದಕ್ಕೆ ವಿರುದ್ಧ. ಕತ್ತರಿಸಿದ ಬಾಳೆಹಣ್ಣು ಗಾಳಿ ತಾಗಿ ಕಂದುತ್ತದೆ, ರಾತ್ರಿ ಹಾಕಿದರೆ ಬೆಳಗ್ಗೆ ಕಪ್ಪಾಗಿ ಜಾರುವಂತಿರುತ್ತದೆ. ಪುಟ್ಟಬಾಳೆಯನ್ನು ತಿನ್ನುವ ಹೊತ್ತಿಗೆ ಸುಲಿದು ಬಿಲ್ಲೆ ಮಾಡಿ ಹಾಕುವುದಕ್ಕೆ ಅರ್ಧ ನಿಮಿಷ ಸಾಕು.

ಅನಾನಸ್ಸಿನ ಪ್ರಯೋಗವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಬನವಾಸಿ ಸೀಮೆಯ ಅನಾನಸ್ಸು ನಮ್ಮ ಜಿಲ್ಲೆಯಲ್ಲಿ ಸುಲಭವಾಗಿ ಸಿಗುವ ಹಣ್ಣು, ಇದನ್ನು ಓಟ್ಸ್‌ಗೆ ಹಾಕುವ ಆಸೆ ಯಾರಿಗಾದರೂ ಬರುತ್ತದೆ. ಹಸಿ ಅನಾನಸ್ಸಿನಲ್ಲಿ ಬ್ರೊಮೆಲೈನ್ ಎಂಬ ಕಿಣ್ವವಿದೆ. ಅದು ಪ್ರೋಟೀನನ್ನು ಒಡೆಯುವಂಥದ್ದು, ಹಣ್ಣು ಹೆಚ್ಚು ತಿಂದರೆ ನಾಲಿಗೆ ಚುರುಗುಟ್ಟುವುದಕ್ಕೆ ಅದೂ ಒಂದು ಕಾರಣ. ಹಾಲು ಮೊಸರಿನೊಂದಿಗೆ ರಾತ್ರಿಯಿಡೀ ಬಿಟ್ಟರೆ ಅದು ಅಲ್ಲಿನ ಪ್ರೋಟೀನಿನ ಮೇಲೂ ಕೆಲಸ ಮಾಡುತ್ತದೆ. ಇದನ್ನು ನೋಡಲೆಂದೇ ಒಂದು ಡಬ್ಬಿಯಲ್ಲಿ ಹಸಿ ಹೋಳು, ಇನ್ನೊಂದರಲ್ಲಿ ಜೋನಿಬೆಲ್ಲದೊಂದಿಗೆ ಕುದಿಸಿ ಆರಿಸಿದ ಹೋಳು ಹಾಕಿಟ್ಟೆ. ಬೆಳಗ್ಗೆ ಮೊದಲನೆಯದರಲ್ಲಿ ಮೊಸರು ತೆಳ್ಳಗಾಗಿ ನೀರು ಬಿಟ್ಟಿತ್ತು, ನಾಲಿಗೆಯ ಹಿಂಭಾಗದಲ್ಲಿ ನಿಲ್ಲುವ ಕಹಿಯಿತ್ತು. ಎರಡನೆಯದು ದಪ್ಪವಾಗಿ, ಹುಳಿಸಿಹಿಯಾಗಿ, ಸೊಗಸಾಗಿ ಉಳಿದಿತ್ತು. ಶಾಖಕ್ಕೆ ಆ ಕಿಣ್ವ ನಾಶವಾಗುತ್ತದೆ. ಆದ್ದರಿಂದ ಅನಾನಸ್ಸಿನ ಕಾಲದಲ್ಲಿ ವಾರಕ್ಕೊಮ್ಮೆ ಹೋಳುಗಳನ್ನು ಬೆಲ್ಲದಲ್ಲಿ ಕುದಿಸಿ ಬಾಟಲಿಯಲ್ಲಿಟ್ಟು ಬಳಸುತ್ತೇನೆ. ಹಸಿಯದೇ ಬೇಕೆನ್ನುವವರು ತಿನ್ನುವ ಕ್ಷಣಕ್ಕೆ ಹಾಕಿಕೊಳ್ಳಲಿ. ಪಪ್ಪಾಯಿಯಲ್ಲಿಯೂ ಪಪೈನ್ ಎಂಬ ಇಂಥದೇ ಕಿಣ್ವವಿದೆ. ಚೆನ್ನಾಗಿ ಹಣ್ಣಾದದ್ದರಲ್ಲಿ ಅದರ ಜೋರು ಕಡಿಮೆ, ಆದರೂ ಬೆಳಗ್ಗೆಯೇ ಹಾಕುವುದು ಒಳ್ಳೆಯದು.

ಮಾವಿನ ಹಣ್ಣಿಗೆ ಈ ತೊಂದರೆಯಿಲ್ಲ. 2023ರಲ್ಲಿ ಭೌಗೋಳಿಕ ಗುರುತು ಪಡೆದ ಅಂಕೋಲೆಯ ಕರಿ ಇಶಾಡು ಮೇ ತಿಂಗಳಲ್ಲಿ ಕೈಗೆ ಸಿಕ್ಕಾಗ ಜೋನಿಬೆಲ್ಲವನ್ನೂ ಏಲಕ್ಕಿಯನ್ನೂ ಬಿಟ್ಟು, ಹಣ್ಣಿನ ರಸವನ್ನೇ ಮೇಲಿನ ಪದರವಾಗಿ ಹಾಕುತ್ತೇನೆ. ಅಂಥ ಹಣ್ಣಿನ ಜೊತೆ ಬೇರೆ ಪರಿಮಳ ಬೇಡ.

ತೆಂಗಿನ ಹಾಲನ್ನು ಹಾಕಿಯೇ ನೋಡಬೇಕೆಂದು ಕರಾವಳಿಯ ಯಾರಿಗೂ ಅನ್ನಿಸುತ್ತದೆ. ಆಗಷ್ಟೇ ಹಿಂಡಿದ ದಪ್ಪ ಹಾಲು ರಾತ್ರಿ ಬಹಳ ಚೆನ್ನಾಗಿ ಬೆರೆಯುತ್ತದೆ. ಆದರೆ ತೆಂಗಿನೆಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಗಟ್ಟಿಯಾಗುವ ಕೊಬ್ಬು, ಫ್ರಿಜ್‌ನ ತಂಪಿನಲ್ಲಿ ಅದು ಹೆಪ್ಪುಗಟ್ಟಿ ಬೆಳಗ್ಗೆ ಮೇಣದ ಚೂರುಗಳಂತೆ ಬಾಯಿಗೆ ಸಿಗುತ್ತದೆ. ಜೊತೆಗೆ ಹಸಿ ಕಾಯಿಹಾಲು ಬೇಗ ಕೆಡುವ ಪದಾರ್ಥ. ತೆಂಗು ಬೇಕಿದ್ದರೆ ಬೆಳಗ್ಗೆ ಒಡೆದ ಕಾಯಿಯ ತುರಿಯನ್ನು ಒಂದು ಚಮಚ ಮೇಲೆ ಉದುರಿಸುವುದೇ ಸರಿ. ಗೇರುಬೀಜವನ್ನು ರಾತ್ರಿ ಹಾಕಿದರೆ ಬೇಯಿಸಿದಂತೆ ಮೆತ್ತಗಾಗುತ್ತದೆ, ವಯಸ್ಸಾದವರಿಗೆ ಅದು ಅನುಕೂಲ. ಕರಕರೆ ಬೇಕಾದವರು ಹುರಿದ ಗೇರುಬೀಜವನ್ನೋ ಶೇಂಗಾವನ್ನೋ ಬೆಳಗ್ಗೆ ಹಾಕಿಕೊಳ್ಳಬಹುದು.

ಸಿಹಿ ಒಲ್ಲದವರಿಗೆ ಬೆಲ್ಲ ಬಿಟ್ಟು, ಮೊಸರನ್ನು ಹೆಚ್ಚಿಸಿ, ಉಪ್ಪು, ತುರಿದ ಶುಂಠಿ, ಜೀರಿಗೆ ಪುಡಿ ಹಾಕಿ ನೆನೆಸಿಟ್ಟು, ಬೆಳಗ್ಗೆ ಕೊತ್ತಂಬರಿ ಸೊಪ್ಪು, ಸೌತೆಕಾಯಿ ತುರಿ ಸೇರಿಸಿದರೆ ಮೊಸರವಲಕ್ಕಿಯ ರುಚಿಗೆ ಹತ್ತಿರ ಬರುತ್ತದೆ. ನಮ್ಮ ಅತ್ತೆಯವರು ಇಷ್ಟಪಡುವುದು ಇದನ್ನೇ. ಓಟ್ಸ್ ಬದಲು ದಪ್ಪ ಅವಲಕ್ಕಿಯನ್ನೇ ರಾತ್ರಿ ನೆನೆಸಿಡಬಹುದೇ ಎಂದೂ ಪರೀಕ್ಷಿಸಿದೆ. ಅವಲಕ್ಕಿ ರಾತ್ರಿಯಿಡೀ ಹಾಲಿನಲ್ಲಿದ್ದರೆ ಕಾಳಿನ ಆಕಾರ ಕಳೆದುಕೊಂಡು ಮುದ್ದೆಯಾಗುತ್ತದೆ. ಅದಕ್ಕೆ ಬೆಳಗಿನ ಕಾಲು ಗಂಟೆಯೇ ಸಾಕು, ರಾತ್ರಿಯ ಕೆಲಸವೇ ಇಲ್ಲ.

ತಂಪು, ಕರೆಂಟು, ಮಳೆಗಾಲ

ಹಾಲು ಮೊಸರು ಬೆರೆತ ಪದಾರ್ಥವನ್ನು 5 ಡಿಗ್ರಿಗಿಂತ ಕೆಳಗೆ ಇಡಬೇಕು. ಕಾರವಾರದ ಬೇಸಿಗೆಯ ರಾತ್ರಿಗಳಲ್ಲಿಯೂ ಉಷ್ಣತೆ 25 ಡಿಗ್ರಿಯ ಆಸುಪಾಸಿನಲ್ಲಿಯೇ ಇರುವುದರಿಂದ ಅಡುಗೆಕಟ್ಟೆಯ ಮೇಲೆ ನೆನೆಸಿಡುವ ಮಾತೇ ಇಲ್ಲ. ಶಿರಸಿಯ ಡಿಸೆಂಬರ್ ಚಳಿಯೂ ಫ್ರಿಜ್‌ಗೆ ಬದಲಿಯಾಗುವಷ್ಟು ತಂಪಲ್ಲ. ಡಬ್ಬಿಯನ್ನು ಫ್ರಿಜ್‌ನ ಬಾಗಿಲಿನಲ್ಲಿ ಇಡದೆ ಒಳಗಿನ ಹಲಗೆಯ ಹಿಂಭಾಗದಲ್ಲಿಡಬೇಕು, ಬಾಗಿಲ ಬದಿ ಪ್ರತಿಸಲ ತೆರೆದಾಗಲೂ ಬಿಸಿಯಾಗುತ್ತದೆ. ಹಣ್ಣು ಸೇರಿಸದ ಓಟ್ಸ್ ಮರುದಿನವೂ ಚೆನ್ನಾಗಿರುತ್ತದೆ, ಇನ್ನೂ ಮೆತ್ತಗೆ, ತುಸು ಹುಳಿಯಾಗಿ. ಮೂರನೆಯ ದಿನಕ್ಕೆ ನಾನು ಉಳಿಸುವುದಿಲ್ಲ. ಬಸ್ಸಿನಲ್ಲಿ ಕೊಂಡೊಯ್ಯುವವರು ಫ್ರಿಜ್‌ನಿಂದ ತೆಗೆದ ಎರಡು ಗಂಟೆಯೊಳಗೆ, ಬಿಸಿಲು 32 ಡಿಗ್ರಿ ದಾಟುವ ದಿನಗಳಲ್ಲಿ ಒಂದು ಗಂಟೆಯೊಳಗೆ ತಿಂದು ಮುಗಿಸಬೇಕು.

ಮಳೆಗಾಲಕ್ಕೆ ಕ್ರಮವನ್ನೇ ಬದಲಿಸಿಕೊಂಡಿದ್ದೇನೆ. ಜೂನ್ ಆರಂಭದಿಂದ ಸೆಪ್ಟೆಂಬರ್‌ವರೆಗೆ ಗಾಳಿಮಳೆಗೆ ಕರೆಂಟು ಯಾವಾಗ ಹೋಗುತ್ತದೆ, ಎಷ್ಟು ಹೊತ್ತಿಗೆ ಬರುತ್ತದೆ ಎಂದು ಹೇಳಲಾಗದು. ಬಾಗಿಲು ತೆರೆಯದಿದ್ದರೆ ಫ್ರಿಜ್ ಸುಮಾರು ನಾಲ್ಕು ಗಂಟೆ ತಂಪು ಹಿಡಿದಿಡುತ್ತದೆ. ಅದಕ್ಕಿಂತ ಹೆಚ್ಚು ಹೊತ್ತು ಕರೆಂಟು ಇಲ್ಲದಿದ್ದರೆ ಒಳಗಿನ ಓಟ್ಸ್ ವಾಸನೆ ಬಾರದಿದ್ದರೂ ಚೆಲ್ಲುವುದೇ ಕ್ಷೇಮ. ಹಾಗೆ ಚೆಲ್ಲುವ ಪ್ರಸಂಗ ಬಾರದಿರಲೆಂದು, ಗಾಳಿ ಜೋರಾಗಿರುವ ರಾತ್ರಿಗಳಲ್ಲಿ ಓಟ್ಸ್, ಬೀಜ, ಸಣ್ಣಗೆ ಕತ್ತರಿಸಿದ ಸುಕೇಳಿ, ಏಲಕ್ಕಿ, ಉಪ್ಪು ಇಷ್ಟನ್ನು ಒಣಗಿಯೇ ಡಬ್ಬಿಯಲ್ಲಿ ಬೆರೆಸಿಡುತ್ತೇನೆ. ಬೆಳಗ್ಗೆ ಎದ್ದ ಕೂಡಲೇ ಚಹಾಕ್ಕೆಂದು ಕಾಯಿಸಿದ ಹಾಲಿನಲ್ಲಿ 180 ಮಿ.ಲೀ. ತೆಗೆದು, ಉಗುರುಬೆಚ್ಚಗೆ ಆರಿಸಿ ಹೊಯ್ದರೆ, ಸ್ನಾನ ಮುಗಿಸಿ ಬರುವಷ್ಟರಲ್ಲಿ, ಅರ್ಧ ಮುಕ್ಕಾಲು ಗಂಟೆಯಲ್ಲಿ, ತಿನ್ನುವ ಹದಕ್ಕೆ ಬಂದಿರುತ್ತದೆ. ರಾತ್ರಿ ನೆನೆದದ್ದರಷ್ಟು ನುಣುಪಿರುವುದಿಲ್ಲ, ಹಲ್ಲಿಗೆ ಸ್ವಲ್ಪ ಹೆಚ್ಚು ಸಿಗುತ್ತದೆ. ಇದಕ್ಕೆ ರೋಲ್ಡ್ ಓಟ್ಸ್‌ನಲ್ಲಿಯೇ ತೆಳುವಾದದ್ದನ್ನು ಆರಿಸಿಕೊಂಡರೆ ಆ ವ್ಯತ್ಯಾಸವೂ ಕಡಿಮೆಯಾಗುತ್ತದೆ. ಮಳೆಗಾಲದಲ್ಲಿ ದೊಡ್ಡ ಪೊಟ್ಟಣ ತರಬಾರದು. ಅರ್ಧ ಕಿಲೋ ತಂದು, ತೆರೆದ ದಿನವೇ ಬಿಗಿಮುಚ್ಚಳದ ಡಬ್ಬಿಗೆ ಸುರಿದು, ಪ್ರತಿಸಲ ತೆಗೆಯುವಾಗ ಮೂಸಿ ನೋಡಬೇಕು. ಹಳೆಯ ಎಣ್ಣೆಯ ಕಮಟು ಬಂದಿದ್ದರೆ ಯಾವ ಹಾಲೂ ಬೆಲ್ಲವೂ ಅದನ್ನು ಸರಿಪಡಿಸಲಾರದು.